ಮಂಜುಗಡ್ಡೆಯ ರನ್‌ವೇ ಮೇಲೆ ದೊಡ್ಡ ವಿಮಾನ ಜಾರದೆ ನಿಲ್ಲುವುದು ಹೇಗೆ?

ಅಂಟಾರ್ಕ್ಟಿಕಾದ ಈ ರನ್‌ವೇಗಳು ಹಿಮ ಒತ್ತಿ ಒತ್ತಿ ಗಟ್ಟಿಯಾದ ‘ನೀಲಿ ಮಂಜುಗಡ್ಡೆ’. ನೂರಾರು ಮೀಟರ್ ದಪ್ಪ ಇರುವುದರಿಂದ ವಿಮಾನದ ಭಾರಕ್ಕೆ ಒಡೆಯುವ ಭಯವಿಲ್ಲ. ಭಯ ಜಾರುವುದರದ್ದು. ಅದಕ್ಕೇ ಯಂತ್ರದಿಂದ ಮೇಲ್ಮೈಗೆ ಸಣ್ಣ ಸಣ್ಣ ಗೀರು ಹಾಕುತ್ತಾರೆ. ಮಧುಗಿರಿ ಬೆಟ್ಟದ ಬಂಡೆಯಲ್ಲಿ ಕಾಲಿಡಲು ಕಚ್ಚು ಕಡಿದಿದ್ದಾರಲ್ಲ, ಟೈರಿಗೂ ಅಂಥದೇ ಹಿಡಿತ ಬೇಕು. ವಿಮಾನ ಬರುವ ಮುಂಚೆ ಗಾಡಿ ಓಡಿಸಿ ಘರ್ಷಣೆ ಅಳೆಯುತ್ತಾರೆ, ಸಾಲದಿದ್ದರೆ ಇಳಿಯುವಂತಿಲ್ಲ. ಚಕ್ರ ತಾಗಿದ ಕೂಡಲೇ ಸ್ಪಾಯ್ಲರ್ (ರೆಕ್ಕೆಯ ಮೇಲೆ ಏಳುವ ಹಲಗೆಗಳು), ರಿವರ್ಸ್ ಥ್ರಸ್ಟ್ (ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸುವುದು) ಬಳಸುತ್ತಾರೆ, ಬ್ರೇಕ್ ಹದವಾಗಿ ಹಾಕುತ್ತಾರೆ.

ಜಾರುವುದಕ್ಕಿಂತ ಕಣ್ಣಿನ ಮೋಸವೇ ಕಷ್ಟ ಅನ್ನಬೇಕು. ರನ್‌ವೇ ಯಾವುದು, ಸುತ್ತಲ ಹಿಮ ಯಾವುದು ಗೊತ್ತಾಗದು, ಜೊತೆಗೆ ಕಣ್ಣು ಕುಕ್ಕುವ ಬಿಸಿಲು. ಎತ್ತರದ ಅಂದಾಜು ತಪ್ಪುತ್ತದೆ, ಹಾಗಾಗಿ ಸಹಪೈಲಟ್ ಎತ್ತರ ತೋರಿಸುವ ಆಲ್ಟಿಮೀಟರ್ ನೋಡಿ ಕೂಗಿ ಹೇಳುತ್ತಿರಬೇಕು.

2021ರ ನವೆಂಬರ್ 2ರಂದು ಕೇಪ್‌ಟೌನ್‌ನಿಂದ ಹೊರಟ ಏರ್‌ಬಸ್ ಎ340 ವಿಮಾನ ಅಂಟಾರ್ಕ್ಟಿಕಾದ ವುಲ್ಫ್ಸ್ ಫ್ಯಾಂಗ್ ಎಂಬ ರನ್‌ವೇಯಲ್ಲಿ ಇಳಿಯಿತು. 2023ರ ನವೆಂಬರ್‌ನಲ್ಲಿ ಬೋಯಿಂಗ್ 787 ಅಲ್ಲಿಯದೇ ನಾರ್ವೆಯ ಸಂಶೋಧನಾ ಕೇಂದ್ರ ಟ್ರೋಲ್‌ನಲ್ಲಿ. ಎರಡೂ ಕಡೆ ರನ್‌ವೇ ಸುಮಾರು 3,000 ಮೀಟರ್. ಎರಡೂ ವಿಮಾನಗಳು ವಾಪಸಿನ ಇಂಧನವನ್ನೂ ಹೊತ್ತೇ ಹೋಗಿದ್ದವು. ಅಂದರೆ ಇಳಿಯುವಾಗ ತೂಕ ಜಾಸ್ತಿ, ನಿಲ್ಲಲು ಜಾಗವೂ ಜಾಸ್ತಿ ಬೇಕು.