ವಿದೇಶದಲ್ಲಿ ಸೇವೆಗೆ ಹೊರಟವರು ಮಕ್ಕಳನ್ನು ಶಿವಮೊಗ್ಗದ ಹಾಸ್ಟೆಲ್‌ನಲ್ಲಿ ಬಿಡುವುದು ಸರಿಯೇ?

ನಿಮ್ಮ ಪ್ರಶ್ನೆಯನ್ನು ಓದುವಾಗ ಹದಿನಾಲ್ಕು ವರ್ಷಗಳ ಹಿಂದಿನ ನಮ್ಮ ಮನೆಯೇ ಕಣ್ಣಮುಂದೆ ಬಂತು. ಆಫ್ರಿಕಾದಲ್ಲಿ ಕ್ರೈಸ್ತ ಸಭಾಪಾಲಕರಿಗೆ ತರಬೇತಿ ಕೊಡುವ ಕರೆ, ಇಬ್ಬರು ಸಣ್ಣ ಮಕ್ಕಳು, ಮೇಜಿನ ಮೇಲೆ ಹಾಸ್ಟೆಲ್ಲಿನ ಅರ್ಜಿ. ನೀವು ನಿಮ್ಮ ಮಕ್ಕಳನ್ನು ಕರೆದುಕೊಂಡೇ ಹೋಗಿ. ಅರ್ಜಿಯನ್ನು ಹರಿದುಹಾಕಿ. ನಮ್ಮ ಮಗ ಆರೇ ತಿಂಗಳಲ್ಲಿ ಅಲ್ಲಿನ ಚಿಚೆವಾ ಭಾಷೆಯಲ್ಲಿ ನನ್ನ ಮಾತನ್ನು ತಿದ್ದುತ್ತಿದ್ದ. ಮಗಳಿಗೆ ಒಂದು ವರ್ಷ ಹಿಡಿಯಿತು, ಅತ್ತಳು, ಆಮೇಲೆ ಬೇರೂರಿದಳು. ಮಕ್ಕಳ ಬಗ್ಗೆ ನಾನು ಹೇಳುವುದು ಇಷ್ಟೇ. ನಿಮ್ಮ ಮಕ್ಕಳ ಶಾಲೆ, ಜ್ವರ, ಊಟ ಎಲ್ಲದರ ಬಗ್ಗೆ ಒಂದು ಪುಟ ಬರೆದಿದ್ದೀರಿ. ನೀವು ಪಾಠ ಹೇಳಲಿರುವವರಿಗೂ ಮಕ್ಕಳಿದ್ದಾರೆ, ಅವರ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ತಲೆಯಲ್ಲಿಯೂ ಆಗ ಇರಲಿಲ್ಲ, ಅದಕ್ಕೇ ಈ ಉತ್ತರ ಬರೆಯುತ್ತಿದ್ದೇನೆ.

ನಾವು ಹೋದದ್ದು ಮಲಾವಿಗೆ, ರಾಜಧಾನಿ ಲಿಲಾಂಗ್ವೆಯಿಂದ ಎರಡು ಗಂಟೆ ದೂರದ ಒಂದು ಊರಿಗೆ. ಅಲ್ಲಿ ಹದಿನಾಲ್ಕು ಜನರು ಉಳಿದು ಓದಬಹುದಾದ ಒಂದು ಕಟ್ಟಡ ಸಿದ್ಧವಾಗಿತ್ತು. ಗಂಡಸರಿಗೆ ಮಾತ್ರ ಜಾಗ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಎಂಟು ತಿಂಗಳು, ಹೀಗೆ ಎರಡು ವರ್ಷ ಓದಿದರೆ ಪ್ರಮಾಣಪತ್ರ. ಆ ವೇಳಾಪಟ್ಟಿಯನ್ನು ಬರೆದವನು ನಾನೇ, ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಆಷಾಢದ ಮಳೆ ಸುರಿಯುತ್ತಿರುವಾಗ.

ನನ್ನ ತಪ್ಪು ಆ ವೇಳಾಪಟ್ಟಿ. ಅದು ಹೇಗೆ ತಪ್ಪಾಯಿತೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಾಗದದ ಮೇಲೆ ಅದರಲ್ಲಿ ದೋಷವೇ ಕಾಣುವುದಿಲ್ಲ.

ಮಲಾವಿಯಲ್ಲಿ ಮಳೆಗಾಲ ಒಂದೇ, ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಊಟವೆಂದರೆ ಮೆಕ್ಕೆಜೋಳ. ನಮ್ಮ ಶಿಕಾರಿಪುರದ ಕಡೆ ಮೂಟೆ ಕಟ್ಟಿ ಮಾರಿಬಿಡುವ ಮೆಕ್ಕೆಜೋಳವನ್ನು ಅಲ್ಲಿ ಹಿಟ್ಟು ಮಾಡಿ, ಬಿಳಿಯ ಮುದ್ದೆಯಂತೆ ತಿರುವಿ, ನ್ಸಿಮಾ ಎಂದು ಉಣ್ಣುತ್ತಾರೆ. ಮೊದಲ ಮಳೆಗೆ ಬಿತ್ತನೆ. ಪೈರು ಮೇಲೆದ್ದ ಎರಡು ಮೂರು ವಾರಗಳಲ್ಲಿ ಗುದ್ದಲಿ ಹಿಡಿದು ಕಳೆ ತೆಗೆಯಲೇಬೇಕು, ತಡವಾದರೆ ಬೆಳೆಯನ್ನು ಹುಲ್ಲು ತಿನ್ನುತ್ತದೆ. ಕೊಯ್ಲು ಏಪ್ರಿಲ್, ಮೇ ತಿಂಗಳಲ್ಲಿ. ಬಡವರ ಮನೆಯ ಕಣಜವಾದರೋ ಡಿಸೆಂಬರ್, ಜನವರಿಗೆಲ್ಲ ಬರಿದು. ಆಗ ಅವರು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಅದಕ್ಕೆ ಗನ್ಯು ಎನ್ನುತ್ತಾರೆ. ಬೇರೆಯವರ ಹೊಲಕ್ಕೆ ಕಳೆ ತೆಗೆಯುವ ಆಳು ಬೇಕಾಗುವ ದಿನಗಳೇ ತನ್ನ ಹೊಲಕ್ಕೂ ಗುದ್ದಲಿ ಬೇಕಾದ ದಿನಗಳು. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ ಒಬ್ಬರು ಕೂಲಿಗೆ ಹೋಗುತ್ತಾರೆ, ಒಬ್ಬರು ಸ್ವಂತ ಹೊಲದಲ್ಲಿ ಉಳಿಯುತ್ತಾರೆ. ಒಬ್ಬಳೇ ಇದ್ದರೆ ಅಂದಿನ ಸಂಜೆಯ ಹಿಟ್ಟಿಗಾಗಿ ಮುಂದಿನ ವರ್ಷದ ಬೆಳೆಯನ್ನು ಬಿಟ್ಟುಕೊಡಬೇಕು. ಹದಿನಾಲ್ಕು ಮನೆಗಳಿಂದ, ಸರಿಯಾಗಿ ಅದೇ ತಿಂಗಳುಗಳಿಗೆ, ಇಬ್ಬರಲ್ಲಿ ಒಬ್ಬರನ್ನು ನಾನು ಕರೆತಂದು ಕೂರಿಸಿದ್ದೆ.

ಇದು ನನಗೆ ಗೊತ್ತಿರಬೇಕಾಗಿತ್ತು. ನಾನು ಅಡಿಕೆ ಸುಲಿಯುವ ಚಪ್ಪರದಲ್ಲಿ ಬೆಳೆದವನು. ಅಡಿಕೆಗೊನೆಯ ಕೊಯ್ಲು ಶುರುವಾದರೆ ವಾರದ ಪ್ರಾರ್ಥನೆಗೆ ಯಾರೂ ಬರುವುದಿಲ್ಲವೆಂದು ಸಭಾಹಿರಿಯರಾಗಿದ್ದ ನಮ್ಮ ಅಪ್ಪ ಯಾರನ್ನೂ ಗದರಿಸಲಿಲ್ಲ. ಲಾಟೀನು ಹಿಡಿದು ತಾವೇ ಚಪ್ಪರಕ್ಕೆ ಹೋದರು. ಹೆಂಗಸರ ಕೈಗಳು ಮೆಟ್ಟುಗತ್ತಿಯ ಮೇಲೆ ಆಡುತ್ತಿದ್ದಂತೆಯೇ ಕೀರ್ತನೆ, ಪ್ರಾರ್ಥನೆ ಎರಡೂ ನಡೆಯುತ್ತಿದ್ದವು. ಇದನ್ನು ಕಂಡು ಬೆಳೆದ ನಾನು ಮಲಾವಿಯ ಪಂಚಾಂಗವನ್ನು ಕೇಳಲೇ ಇಲ್ಲ.

ಮೊದಲ ವರ್ಷದ ಜನವರಿಯಲ್ಲಿ ಒಬ್ಬ ವಿದ್ಯಾರ್ಥಿಯ ಹೆಂಡತಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಬೆಳಗಿನಿಂದ ನಡೆದು ನಮ್ಮ ಗೇಟಿಗೆ ಬಂದಳು. ಅವಳ ಗಂಡ ಆ ತಂಡದಲ್ಲಿ ಎಲ್ಲರಿಗಿಂತ ಚುರುಕಾದವನು, ಅವನಿಗೆ ನಾಲ್ಕು ಮಕ್ಕಳು. ಅವಳು ಹೇಳಿದ ಮಾತುಗಳಲ್ಲಿ ಒಂದು 'ನ್ಜಾಲ'. ಹಸಿವು. ಆ ಪದ ನನಗೆ ಗೊತ್ತಿತ್ತು, ಭಾಷೆ ಬರಲಿಲ್ಲವೆಂಬ ನೆಪ ನನಗಿಲ್ಲ. ಹತ್ತು ಕಿಲೋ ಹಿಟ್ಟು ಕೊಟ್ಟೆ, ಪ್ರಾರ್ಥಿಸಿದೆ, ಕಳುಹಿಸಿದೆ. ಅವನು ಕಳೆ ತೆಗೆಯಲು ಮೂರು ವಾರ ರಜೆ ಕೇಳಿದ. ಒಬ್ಬನಿಗೆ ಕೊಟ್ಟರೆ ಹದಿನಾಲ್ಕು ಜನರಿಗೂ ಕೊಡಬೇಕೆಂದು ನಿರಾಕರಿಸಿದೆ. ಅಷ್ಟೇ ಅಲ್ಲ, ನೇಗಿಲಿಗೆ ಕೈಹಾಕಿದವನು ಹಿಂದಕ್ಕೆ ನೋಡಬಾರದೆಂಬ ಸುವಾರ್ತೆಯ ಮಾತನ್ನು ಅವನಿಗೆ ನೆನಪಿಸಿದೆ. ಹೊಲ ಹಾಳಾಗುತ್ತಿದ್ದ ರೈತನಿಗೆ ಆ ಮಾತನ್ನು ಹೇಳಿದ ಬಾಯಿ ನನ್ನದು. ಅವನು ತಲೆ ತಗ್ಗಿಸಿ ತರಗತಿಗೆ ಹೋದ.

ಆ ರಾತ್ರಿ ನಾವು ನಾಲ್ವರೂ ಊಟಕ್ಕೆ ಕುಳಿತಿದ್ದೆವು. ನನ್ನ ಹೆಂಡತಿ ಅನ್ನ ಬಡಿಸುತ್ತಾ ಕೇಳಿದಳು, "ನಾವು ನಮ್ಮ ಮಕ್ಕಳನ್ನು ಬಿಟ್ಟು ಬರಲಾರೆವೆಂದು ಹಟ ಹಿಡಿದು ಕರೆತಂದೆವು. ಅವರ ಮಕ್ಕಳನ್ನು ಬಿಟ್ಟು ಬರಬೇಕೆಂದು ಯಾರು ಹೇಳಿದರು?" ನಾನು ಉತ್ತರಿಸಲಿಲ್ಲ. ವೇಳಾಪಟ್ಟಿಯನ್ನು ಬದಲಿಸಲೂ ಇಲ್ಲ.

ಇನ್ನೊಂದು ಸಂಗತಿಯೂ ನನಗೆ ತಿಳಿದಿರಲಿಲ್ಲ. ಚಿಚೆವಾ ಆಡುವ ಚೆವಾ ಜನರಲ್ಲಿ ವಂಶ ತಾಯಿಯ ಕಡೆಯಿಂದ ನಡೆಯುತ್ತದೆ. ಘಟ್ಟದ ಕೆಳಗಿನ ಅಳಿಯಸಂತಾನವನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಹೊಲ ಹೆಂಡತಿಯ ಕಡೆಯದು, ಗಂಡ ಅವಳ ಊರಿಗೆ ಬಂದಿರುವ ಮನೆಅಳಿಯ. ಅವನ ಮರ್ಯಾದೆ ಇರುವುದು ಆ ಹೊಲದಲ್ಲಿ ಅವನು ಹಿಡಿಯುವ ಗುದ್ದಲಿಯಲ್ಲಿ. ಏಪ್ರಿಲ್‌ನಲ್ಲಿ ಆ ವಿದ್ಯಾರ್ಥಿ ಹಿಂದಿರುಗಿದಾಗ ಹೆಂಡತಿಯ ಸೋದರಮಾವ ಬಾಗಿಲಲ್ಲಿಯೇ ನಿಲ್ಲಿಸಿ, ಈ ಮನೆಯಲ್ಲಿ ನಿನಗೆ ಕೆಲಸವಿಲ್ಲ ಎಂದರಂತೆ. ಸ್ವಂತ ಮನೆಯನ್ನು ಚೆನ್ನಾಗಿ ನಡೆಸುವವನೇ ಸಭೆಯನ್ನು ನಡೆಸಲು ತಕ್ಕವನೆಂದು ಬೈಬಲಿನಲ್ಲಿ ಪೌಲನು ತಿಮೊಥೆಯನಿಗೆ ಬರೆದದ್ದನ್ನು ನಾನು ಅದೇ ಎಂಟು ತಿಂಗಳು ಅವರಿಗೆ ಪಾಠ ಮಾಡಿದ್ದೆ.

ಸೆಪ್ಟೆಂಬರ್‌ನಲ್ಲಿ ಐದು ಜನ ಮಾತ್ರ ಮರಳಿ ಬಂದರು. ಅವನು ಬರಲಿಲ್ಲ. ಹುಡುಕಿಕೊಂಡು ಹೋದೆ. ಒಂದು ತಂಬಾಕು ತೋಟದಲ್ಲಿ ಕೂಲಿ ಮಾಡುತ್ತಿದ್ದ. ನನಗೆ ನ್ಸಿಮಾ ಬಡಿಸಿದ, ನನ್ನ ಮಕ್ಕಳ ಕ್ಷೇಮವನ್ನು ಹೆಸರು ಹಿಡಿದು ಕೇಳಿದ. ಒಂದೂ ದೂರಿನ ಮಾತು ಆಡಲಿಲ್ಲ. ಕ್ಷಮೆ ಕೇಳಿದೆ. ಅವನ ಮನೆ ಮತ್ತೆ ಕೂಡಲಿಲ್ಲ.

ಆಮೇಲೆ ಕಟ್ಟಡವನ್ನು ಮುಚ್ಚಿದೆವು. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯವರು 1963ರಲ್ಲಿಯೇ ವಿದ್ಯಾರ್ಥಿಗಳನ್ನು ಊರು ಬಿಡಿಸದೆ, ಶಿಕ್ಷಕರೇ ಅವರಿದ್ದಲ್ಲಿಗೆ ಹೋಗಿ ಕ್ರೈಸ್ತ ವೇದಶಾಸ್ತ್ರ ಕಲಿಸುವ ಕ್ರಮವನ್ನು ಆರಂಭಿಸಿದ್ದರು. ನಮ್ಮ ಬೆಂಗಳೂರಿನಿಂದಲೂ ಅಂಥ ಪಾಠಗಳು 1970ರ ದಶಕದಿಂದ ನಡೆದುಬಂದಿವೆ. ನಾನು ಹುಟ್ಟುವ ಮೊದಲೇ ತಿಳಿದಿದ್ದ ದಾರಿ ಅದು. ಮನೆಯಲ್ಲಿ ಓದಿಕೊಳ್ಳಲು ಪಾಠದ ಪುಸ್ತಕ, ವಾರಕ್ಕೊಮ್ಮೆ ಹತ್ತಿರದ ಹಳ್ಳಿಯಲ್ಲಿ ಸೇರಿ ಚರ್ಚೆ, ನಡುವೆ ಅವರವರ ಸಭೆಯ ಕೆಲಸ. ನಾವು ಮೂರು ಹಳ್ಳಿಗಳಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ಕಣಜ ತುಂಬಿರುವ ತಿಂಗಳುಗಳಲ್ಲಿ, ಹೀಗೆ ಕಲಿಸಿದೆವು. ಹೆಂಡತಿಯರು ತಾವಾಗಿಯೇ ಬಂದು ಕುಳಿತರು. ಅವರು ಕೇಳಿದ ಪ್ರಶ್ನೆಗಳಿಗೆ ನಾನು ಮನೆಗೆ ಹೋಗಿ ಓದಿಕೊಂಡು ಬರಬೇಕಾಗುತ್ತಿತ್ತು. ನವೆಂಬರ್ ಬಂದರೆ ತರಗತಿ ಇಲ್ಲ. ನಾನು, ನನ್ನ ಹೆಂಡತಿ, ಮಕ್ಕಳು ಅವರ ಹೊಲಗಳಿಗೆ ಹೋಗುತ್ತಿದ್ದೆವು. ನನ್ನ ಮಗಳು ಬೇರೂರಿದ್ದು ಆ ಹೊಲಗಳಲ್ಲಿ, ಶಾಲೆಯಲ್ಲಿ ಅಲ್ಲ.

ಆದ್ದರಿಂದ ಹಾಸ್ಟೆಲ್ ಬೇಡವೆಂದು ನಿಮ್ಮ ಮಕ್ಕಳಿಗೆ ಹೇಳುವ ಮಾತನ್ನೇ ಅಲ್ಲಿನವರಿಗೂ ಹೇಳಿ. ಅಲ್ಲಿ ವಸತಿ ಕಾಲೇಜು ಕಟ್ಟುವುದಕ್ಕೆ ಯಾರಾದರೂ ಹಣ ಕೊಡುತ್ತೇವೆಂದರೆ ಒಪ್ಪಬೇಡಿ. ಮೊದಲ ವರ್ಷ ಪಾಠವನ್ನೇ ಮಾಡಬೇಡಿ, ಭಾಷೆ ಕಲಿಯಿರಿ. ಕಿಟೆಲ್ 1853ರಲ್ಲಿ ಈ ನಾಡಿಗೆ ಬಂದರು, ಅವರ ನಿಘಂಟು ಹೊರಬಂದದ್ದು 1894ರಲ್ಲಿ. ನಿಮ್ಮನ್ನು ಕಳುಹಿಸುವವರು ಒಂದು ವರ್ಷವನ್ನೂ ಕೊಡಲಾರೆವೆಂದರೆ ಹೋಗಬೇಡಿ.

ಹೋಗುವ ದೇಶ ಯಾವುದೆಂದು ನೀವು ಬರೆದಿಲ್ಲ. ಯಾವುದಾದರೂ ಸರಿ, ನಿಮ್ಮನ್ನು ಕರೆದವರಿಗೆ ಇಂದೇ ಪತ್ರ ಹಾಕಿ: ಬಿತ್ತನೆ ಯಾವ ತಿಂಗಳು, ಕಳೆ ತೆಗೆಯುವುದು ಯಾವಾಗ, ಮನೆಗಳಲ್ಲಿ ಕಾಳು ಮುಗಿಯುವುದು ಯಾವಾಗ, ಹೊಲ ಯಾರ ಹೆಸರಿನಲ್ಲಿರುತ್ತದೆ. ಉತ್ತರ ಬಂದ ಮೇಲೆ ಟಿಕೆಟ್ ತೆಗೆಯಿರಿ. ಮಕ್ಕಳ ಶಾಲೆಯ ವಿಷಯ ಆಮೇಲೆ ಕೇಳಿ. ನನ್ನ ಮಗಳಿಂದಲೇ ಉತ್ತರ ಬರೆಸುತ್ತೇನೆ.