ಅಮ್ಮನ ಅರವತ್ತಕ್ಕೆ ಇಟಲಿಯ ಯಾವ ಊರಿನಲ್ಲಿ ಇಳಿಯಬೇಕು?

ಪ್ರಶ್ನೆ: ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪ, ಅಮ್ಮ, ನಾನು ಇಟಲಿಗೆ ಹೋಗುತ್ತಿದ್ದೇವೆ. ರೋಮ್‌ನಲ್ಲಿ ಮೂರು ದಿನ, ವೆನಿಸ್‌ನಲ್ಲಿ ಮೂರು ದಿನ, ಓಡಾಟವೆಲ್ಲ ರೈಲಿನಲ್ಲಿ. ನಡುವೆ ಬರುವ ಸೋಮವಾರ ಅಮ್ಮನಿಗೆ 60 ತುಂಬುತ್ತದೆ. ಆ ದಿನ ದಾರಿಯಲ್ಲಿ ಒಂದು ಊರಿನಲ್ಲಿ ಇಳಿದು ಆಚರಿಸೋಣ ಎಂದಿದ್ದೇವೆ. ಫ್ಲಾರೆನ್ಸ್, ಬೊಲೋನ್ಯಾ, ವೆರೋನಾ, ಈ ಮೂರರಲ್ಲಿ ಯಾವುದು? ಅಮ್ಮ ನಿವೃತ್ತ ವಿಜ್ಞಾನ ಶಿಕ್ಷಕಿ. ಮಂಡಿ ನೋವಿದೆ, ಶುದ್ಧ ಸಸ್ಯಾಹಾರಿ. ಷಷ್ಟಿಪೂರ್ತಿ ಶಾಂತಿಯನ್ನು ಊರಿಗೆ ಬಂದ ಮೇಲೆ ಮಾಡಿಸುತ್ತೇವೆ.
– ಓದುಗರು, ಮೈಸೂರು

ಉತ್ತರ: ಬೊಲೋನ್ಯಾ. ಆದರೆ ನೀವು ಹಾಕಿಕೊಂಡ ರೀತಿಯಲ್ಲಿ ಅಲ್ಲ. ಸೋಮವಾರ ಇಳಿದು ಅಂದೇ ಮುಂದಕ್ಕೆ ಹೊರಡುವುದು ಬೇಡ. ಭಾನುವಾರ ಸಂಜೆಗೇ ಹೋಗಿ ತಲುಪಿ, ಎರಡು ರಾತ್ರಿ ಉಳಿದು ಮಂಗಳವಾರ ಹೊರಡಿ. ಹುಟ್ಟುಹಬ್ಬದ ದಿನ ಅಮ್ಮನಿಗೆ ಪ್ಯಾಕಿಂಗ್ ಇರಬಾರದು, ರೈಲು ಹಿಡಿಯುವ ಧಾವಂತವೂ ಇರಬಾರದು. ಇಟಲಿಯಲ್ಲಿ ರೈಲು ಮುಷ್ಕರಗಳು ಆಗಾಗ ನಡೆಯುತ್ತವೆ. ನಮ್ಮ ಮನೆಯವರ ಐವತ್ತನೆಯ ಹುಟ್ಟುಹಬ್ಬದ ಅರ್ಧ ದಿನ ಹಾಗೆಯೇ ನಿಲ್ದಾಣದ ಬೆಂಚಿನ ಮೇಲೆ ಕಳೆದುಹೋಯಿತು. ಆ ಬೇಸರ ನನಗೆ ಇನ್ನೂ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಿಕ್ಕ ಎರಡು ಊರುಗಳನ್ನು ಏಕೆ ಬಿಟ್ಟೆ ಎಂದು ಹೇಳಿಬಿಡುತ್ತೇನೆ. ಹುಟ್ಟುಹಬ್ಬ ಜುಲೈನಲ್ಲಿದ್ದಿದ್ದರೆ ಕಣ್ಣು ಮುಚ್ಚಿ ವೆರೋನಾ ಎನ್ನುತ್ತಿದ್ದೆ. ಸುಮಾರು ಎರಡು ಸಾವಿರ ವರ್ಷ ಹಳೆಯ ರೋಮನ್ ಅರೇನಾದಲ್ಲಿ ಬಯಲಲ್ಲಿ ಕೂತು ಒಪೆರಾ ನೋಡುವ ಅವಕಾಶ ಅಲ್ಲಿದೆ, 1913ರಿಂದ ನಡೆದುಬಂದ ಉತ್ಸವ ಅದು. ಆದರೆ ನೀವು ಹೋಗುವ ಹೊತ್ತಿಗೆ ಆ ಸೀಸನ್ ಮುಗಿದಿರುತ್ತದೆ. ಫ್ಲಾರೆನ್ಸ್ ದೊಡ್ಡ ಊರು, ದೊಡ್ಡ ಹೆಸರು. ಆದರೆ ಸೋಮವಾರ ಅಲ್ಲಿನ ಹೆಸರಾಂತ ಕಲಾ ಸಂಗ್ರಹಾಲಯ ಉಫಿಜಿಗೂ ರಜೆ, ಮೈಕೆಲ್ಯಾಂಜೆಲೊನ ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾಕ್ಕೂ ರಜೆ. ಕೆಥೆಡ್ರಲ್‌ನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಇನ್ನೊಂದು ರಾತ್ರಿ ಸೇರಿಸಲು ಸಾಧ್ಯವಾದರೆ ಲಗೇಜನ್ನು ಬೊಲೋನ್ಯಾದ ಹೋಟೆಲಿನಲ್ಲೇ ಬಿಟ್ಟು ಮಂಗಳವಾರ ಫ್ಲಾರೆನ್ಸ್‌ಗೆ ಹೋಗಿಬನ್ನಿ. ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗಿನ ದಾರಿ.

ಈಗ ಬೊಲೋನ್ಯಾ. ಮೊದಲು ಮಂಡಿಯ ವಿಚಾರ. ಊರಿನ ನಡುಭಾಗ ಬಹುತೇಕ ಸಮತಟ್ಟು. ಬೀದಿಗಳ ಇಕ್ಕೆಲದಲ್ಲೂ ಕಮಾನುಗಳ ಪೋರ್ಟಿಕೊಗಳಿವೆ. ನಮ್ಮ ಹಳೆಯ ಮನೆಗಳ ಮೊಗಸಾಲೆಗಳನ್ನು ಒಂದಕ್ಕೊಂದು ಪೋಣಿಸಿ ಬೀದಿಯುದ್ದಕ್ಕೂ ಎಳೆದರೆ ಹೇಗಿರುತ್ತದೋ ಹಾಗೆ. ಹಳೆಯ ಊರಿನಲ್ಲೇ ಇವು ಸುಮಾರು 38 ಕಿ.ಮೀ. ಉದ್ದ ಇವೆ, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಬಿಸಿಲಾದರೂ ಮಳೆಯಾದರೂ ಅಮ್ಮ ನೆರಳಲ್ಲೇ ನಿಧಾನಕ್ಕೆ ನಡೆಯಬಹುದು. ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚಿಗೆ 666 ಕಮಾನುಗಳ ದಾರಿ ಇದೆ, ಅದು ಏರು. ಅದನ್ನು ಹತ್ತಿಸಬೇಡಿ; ಪಿಯಾಝಾ ಮಜ್ಜೋರೆ ಚೌಕದಿಂದ ಪ್ರವಾಸಿಗರ ಪುಟ್ಟ ಗಾಡಿ ಮೇಲಕ್ಕೆ ಹೋಗುತ್ತದೆ.

ನಾನು ಈ ಊರನ್ನು ಆರಿಸಿದ್ದು ನಿಜವಾಗಿ ನೀವು ಬರೆದ ‘ವಿಜ್ಞಾನ ಶಿಕ್ಷಕಿ’ ಎಂಬ ಒಂದು ಮಾತಿನಿಂದ. ಅದೇ ಚೌಕದಲ್ಲಿರುವ ಸಾನ್ ಪೆತ್ರೋನಿಯೊ ಚರ್ಚಿನ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಒಂದು ಗೆರೆ ಇದೆ. 1655ರಲ್ಲಿ ಕ್ಯಾಸಿನಿ ಹಾಕಿಸಿದ್ದು. ಹೌದು, ಶನಿಗ್ರಹದ ಉಂಗುರಗಳ ನಡುವಿನ ಸಂದನ್ನು ಕಂಡುಹಿಡಿದ ಅದೇ ಕ್ಯಾಸಿನಿ. ಇಪ್ಪತ್ತೇಳು ಮೀಟರ್ ಮೇಲೆ ಛಾವಣಿಯಲ್ಲಿ ಒಂದು ಪುಟ್ಟ ರಂಧ್ರ. ಅದರಿಂದ ಇಳಿದ ಬೆಳಕು ನೆಲದ ಮೇಲೆ ಮಸುಕಾದ ಬಿಲ್ಲೆಯಾಗಿ ಬೀಳುತ್ತದೆ, ಕಣ್ಣಿಗೆ ಕಾಣುವಂತೆ ಸರಿಯುತ್ತ ಸರಿಯುತ್ತ ಬಂದು, ಸೂರ್ಯ ನೆತ್ತಿಯ ರೇಖೆಯನ್ನು ದಾಟುವ ಗಳಿಗೆಗೆ ಸರಿಯಾಗಿ ಆ ಗೆರೆಯನ್ನು ಮುಟ್ಟುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿನ ಗಡಿಯಾರದಲ್ಲಿ ಆಗ ಒಂದು ಗಂಟೆ ಐದು ನಿಮಿಷದ ಆಸುಪಾಸು. ಮೂವತ್ತು ವರ್ಷ ಬೋರ್ಡಿನ ಮೇಲೆ ಭೂಮಿ ತಿರುಗುವುದನ್ನು ಬರೆದು ತೋರಿಸಿದವರಿಗೆ ಅದನ್ನು ಕಾಲಬುಡದಲ್ಲೇ ತೋರಿಸುವ ಉಡುಗೊರೆ ಬೇರೆಲ್ಲಿ ಸಿಕ್ಕೀತು? ಮೋಡ ಇರಬಾರದು ಅಷ್ಟೇ. ಅಲ್ಲಿ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುವುದುಂಟು, ಆ ದಿನದ ಸಮಯವನ್ನು ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ.

ಚರ್ಚಿನ ಪಕ್ಕದಲ್ಲೇ ಹಳೆಯ ವಿಶ್ವವಿದ್ಯಾಲಯದ ಕಟ್ಟಡ ಆರ್ಕಿಜಿನ್ನಾಸಿಯೊ, ಅದರೊಳಗೆ ಇಡೀ ಮರದಲ್ಲೇ ಮಾಡಿದ ಅಂಗರಚನಾ ಪಾಠದ ಕೋಣೆ. ಎದುರಿನ ಚೌಕದಲ್ಲಿ, ಕಪ್ಪೆಯ ಕಾಲುಗಳ ಪ್ರಯೋಗ ಮಾಡಿದ ಗಾಲ್ವಾನಿಯ ಪ್ರತಿಮೆ. ಲಾರಾ ಬಾಸ್ಸಿ ಎಂಬ ಹೆಣ್ಣುಮಗಳು 1732ರಲ್ಲಿ ಡಾಕ್ಟರೇಟ್ ಪಡೆದು ಭೌತವಿಜ್ಞಾನ ಕಲಿಸಿದ್ದೂ ಇದೇ ಊರಿನಲ್ಲಿ. ಈ ಕಥೆಯನ್ನು ಅಮ್ಮನಿಗೆ ಅಲ್ಲೇ ನಿಂತು ಹೇಳಿ.

ಊಟದಲ್ಲಿ ಮಾತ್ರ ಎಚ್ಚರ ಬೇಕು. ಈ ಊರಿನ ಹೆಮ್ಮೆಯ ತೊರ್ತೆಲ್ಲೀನಿ ಎಂಬ ಪುಟ್ಟ ಹೂರಣದ ಪಾಸ್ತಾದೊಳಗೆ ಹಂದಿಮಾಂಸ, ರಾಗು ಎಂದರೆ ಮಾಂಸದ ಸಾಸ್. ತೊರ್ತೆಲ್ಲೋನಿ ಬೇರೆ, ಅದರೊಳಗೆ ಸಾಮಾನ್ಯವಾಗಿ ರಿಕೋಟಾ ಚೀಸ್. ಆದರೂ ಇಲ್ಲಿ ಕೈಯಲ್ಲಿ ಲಟ್ಟಿಸಿದ ಪಾಸ್ತಾದ ಹಿಟ್ಟಿಗೆ ಮೊಟ್ಟೆ ಹಾಕಿಯೇ ಕಲಸುತ್ತಾರೆ. ಮೊಟ್ಟೆಯೂ ಬೇಡವೆಂದರೆ ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಊವೊವಾ’ ಎನ್ನಿ. ಮಾಂಸ, ಮೀನು, ಮೊಟ್ಟೆ ಇಲ್ಲದ್ದು ಎಂದರ್ಥ. ಒಣ ಪಾಸ್ತಾಕ್ಕೆ ಟೊಮೆಟೊ ಸಾಸ್, ಸುಟ್ಟ ತರಕಾರಿ, ಪಿಜ್ಜಾ ಎಲ್ಲೆಡೆ ಸಿಗುತ್ತವೆ. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಅಮ್ಮನಿಗೆ ಮೊದಲೇ ತಿಳಿಸಿ, ತಿನ್ನುವುದು ಬಿಡುವುದು ಅವರಿಷ್ಟ. ಕೇಕಿನ ಬದಲು ನಿಂಬೆಯ ಸೊರ್ಬೆತ್ತೊ (ಹಣ್ಣಿನ ರಸದ ಐಸ್) ತರಿಸಿ, ಅದಕ್ಕೆ ಸಾಮಾನ್ಯವಾಗಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ, ಆದರೂ ಒಮ್ಮೆ ಕೇಳಿಕೊಳ್ಳಿ. ರಾತ್ರಿ ಏಳೂವರೆಗೆ ಮುಂಚೆ ಒಳ್ಳೆಯ ಹೋಟೆಲುಗಳು ಊಟ ಶುರು ಮಾಡುವುದಿಲ್ಲ, ಮಾತ್ರೆ ತೆಗೆದುಕೊಳ್ಳುವವರು ಸಂಜೆಗೆ ಏನಾದರೂ ತಿಂದಿರಲಿ. ಟೇಬಲ್ ಕಾದಿರಿಸುವಾಗ ಹುಟ್ಟುಹಬ್ಬವೆಂದು ಹೇಳಿ, ಆದರೆ ಯಾರೂ ಮುಂಚಿತವಾಗಿ ಶುಭಾಶಯ ಹೇಳಲಿಲ್ಲವೆಂದು ನೊಂದುಕೊಳ್ಳಬೇಡಿ. ದಿನಕ್ಕೆ ಮೊದಲೇ ಹಾರೈಸುವುದು ಅವರಲ್ಲಿ ಅಪಶಕುನ. ಆ ದಿನ ಬಂದಾಗ ‘ಚೆಂತೊ ದಿ ಕ್ವೆಸ್ತಿ ಜೋರ್ನಿ’ ಎನ್ನುತ್ತಾರೆ, ಇಂಥ ದಿನ ನೂರು ಬರಲಿ ಎಂದು. ನಮ್ಮ ಅಜ್ಜಿಯರ ‘ನೂರ್ಕಾಲ ಬಾಳು’ ನೆನಪಾಗುತ್ತದೆ.

ಹೋಟೆಲನ್ನು ಈಗಲೇ ಬುಕ್ ಮಾಡಿ. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಅಲ್ಲಿ ಚೆರ್ಸಾಯೆ ಎಂಬ ಟೈಲ್ಸ್ ಮೇಳ ನಡೆಯುತ್ತದೆ, ನಿಮ್ಮ ತಾರೀಖಿಗೆ ತಾಗಿದರೆ ರೂಮಿನ ದರ ಏರಿಬಿಡುತ್ತದೆ. ನಿಲ್ದಾಣದಿಂದ ಚೌಕಕ್ಕೆ ಹೋಗುವ ವಿಯಾ ಇಂಡಿಪೆಂಡೆನ್ಝಾ ರಸ್ತೆಯ ಆಸುಪಾಸು ನೋಡಿ.

ರೈಲಿನ ಟಿಕೆಟ್ ಎರಡು ತೆಗೆಯಬೇಕು: ರೋಮ್‌ನಿಂದ ಬೊಲೋನ್ಯಾ, ಬೊಲೋನ್ಯಾದಿಂದ ವೆನಿಸ್. ಒಂದೇ ಟಿಕೆಟಿನಲ್ಲಿ ನಡುವೆ ಇಳಿದು ಎರಡು ದಿನ ಬಿಟ್ಟು ಹತ್ತಲಾಗದು, ವೇಗದ ರೈಲುಗಳಲ್ಲಿ ಸೀಟು ಆ ಗಾಡಿಗೇ ಸೀಮಿತ. ಮೊದಲನೆಯದು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು, ಎರಡನೆಯದು ಸುಮಾರು ಒಂದೂವರೆ ಗಂಟೆ. ಬೊಲೋನ್ಯಾದಲ್ಲಿ ಬಹಳಷ್ಟು ವೇಗದ ಗಾಡಿಗಳು ನೆಲದಡಿಯ ಪ್ಲಾಟ್‌ಫಾರ್ಮ್‌ಗಳಿಗೆ ಬರುತ್ತವೆ, ಲಿಫ್ಟ್ ಹುಡುಕಿ ಇಳಿಯಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ವೆನಿಸ್‌ಗೆ ಟಿಕೆಟ್ ತೆಗೆಯುವಾಗ ಮೆಸ್ತ್ರೆ (ನೀರಿನ ಈಚೆ ದಡದ ನಿಲ್ದಾಣ) ಎಂದಿದ್ದರೆ ಬೇಡ, ಸಾಂತಾ ಲೂಚಿಯಾ ಎಂದೇ ಇರಲಿ. ಆ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ದೊಡ್ಡ ಕಾಲುವೆ. ಆಗ ಅಮ್ಮನ ಕೈಯಲ್ಲಿ ಬ್ಯಾಗು ಇರದಂತೆ ನೋಡಿಕೊಳ್ಳಿ.