ಎಕ್ಸ್-ವಿಂಗ್ ಹೊಟ್ಟೆಯೊಳಗೆ ಏನಿದೆ?

ಪ್ರಶ್ನೆ: ‘ಸ್ಟಾರ್ ವಾರ್ಸ್’ನ ಎಕ್ಸ್-ವಿಂಗ್ ನೌಕೆಯ 1/72 ಪ್ಲಾಸ್ಟಿಕ್ ಕಿಟ್ ಜೋಡಿಸುತ್ತಿದ್ದೇನೆ. ಉದ್ದ ಒಂದೊಂದು ಕಡೆ ಒಂದೊಂದು ಥರ ಕೊಟ್ಟಿದ್ದಾರೆ. ಒಳಗೆ ಯಾವ ಭಾಗ ಎಲ್ಲಿರುತ್ತದೆ? ನಾಲ್ಕು ಎಂಜಿನ್‌ಗೂ ಕೆಂಪು ಎಲ್‌ಇಡಿ ಹಾಕಿ ಬಟನ್ ಸೆಲ್ ಕೊಟ್ಟರೆ ಬೇಗ ಮಂಕಾಗುತ್ತದೆ.

ಉತ್ತರ: ಕಥೆಯಲ್ಲಿನ ನೌಕೆಯ ಉದ್ದಕ್ಕೆ ಎರಡು ಲೆಕ್ಕ: 12.5 ಮೀಟರ್ ಹಳೆಯದು, 13.4 ಈಚಿನದು. 72ರಿಂದ ಭಾಗಿಸಿದರೆ 17.4 ಮತ್ತು 18.6 ಸೆಂ.ಮೀ. ಮೂತಿಯಿಂದ ಬಾಲದವರೆಗೆ ಸ್ಕೇಲ್ ಇಟ್ಟು ನೋಡಿ, ನಿಮ್ಮ ಕಿಟ್ ಯಾವ ಲೆಕ್ಕದ್ದೆಂದು ತಿಳಿಯುತ್ತದೆ.

ಮೂತಿಯಲ್ಲಿ ಸೆನ್ಸರ್‌ಗಳು. ಒಡಲಿನ ಎರಡೂ ಪಕ್ಕದಲ್ಲಿ ಒಂದೊಂದು ಪ್ರೋಟಾನ್ ಟಾರ್ಪಿಡೊ ಕೊಳವೆ, ತಲಾ ಮೂರರಂತೆ ಒಟ್ಟು ಆರು ಟಾರ್ಪಿಡೊ. ಪೈಲಟ್ ಬೆನ್ನ ಹಿಂದಿನ ಗುಳಿಯಲ್ಲಿ ಡ್ರಾಯ್ಡ್ (ಸಹಾಯಕ ರೋಬಾಟ್) ಇಳಿದು ಕೂರುತ್ತದೆ, ಹೊರಗೆ ಕಾಣುವುದು ಅದರ ತಲೆ ಮಾತ್ರ. ಹಾರಾಟದ ನಡುವೆ ರಿಪೇರಿ, ಹೈಪರ್‌ಸ್ಪೇಸ್ ಜಿಗಿತದ (ಬೆಳಕಿಗಿಂತ ವೇಗದ ಪಯಣದ) ಲೆಕ್ಕ ಎರಡೂ ಅದರ ಕೆಲಸ. ಪ್ರತಿ ರೆಕ್ಕೆಯ ಬುಡದಲ್ಲಿ ಒಂದು ಎಂಜಿನ್, ತುದಿಯಲ್ಲಿ ಒಂದು ಲೇಸರ್ ಫಿರಂಗಿ. ಕಾಳಗಕ್ಕೆ ಇಳಿದಾಗ ರೆಕ್ಕೆ ಬಿಚ್ಚಿಕೊಂಡರೆ ನಾಲ್ಕು ಫಿರಂಗಿಗಳೂ ದೂರ ದೂರ ಸರಿಯುತ್ತವೆ, ಹೊಡೆತ ಅಗಲಕ್ಕೆ ಹರಡುತ್ತದೆ.

ಈಗ ದೀಪ. ಬಟನ್ ಸೆಲ್ ಕೊಡುವ ಕರೆಂಟ್ ತೀರಾ ಕಡಿಮೆ. ನಾಲ್ಕು ಎಲ್‌ಇಡಿ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. 9 ವೋಲ್ಟ್ ಬ್ಯಾಟರಿ ತನ್ನಿ. ನಾಲ್ಕನ್ನೂ ಒಂದೇ ಸಾಲಿಗೆ ಕಟ್ಟಬೇಡಿ: ಕೆಂಪು ಎಲ್‌ಇಡಿ ಒಂದಕ್ಕೆ ಸುಮಾರು 2 ವೋಲ್ಟ್ ಬೇಕು, ನಾಲ್ಕಕ್ಕೆ 8. ಬ್ಯಾಟರಿ ಸ್ವಲ್ಪ ಇಳಿದರೂ ಎಲ್ಲವೂ ಒಟ್ಟಿಗೆ ಮಂಕು. ಎರಡೆರಡರ ಎರಡು ಸಾಲು ಮಾಡಿ, ಪ್ರತಿ ಸಾಲಿಗೂ ಬೇರೆಯಾಗಿ 470 ಓಮ್ ರೆಸಿಸ್ಟರ್ ಹಾಕಿ. ಉಳಿದ 5 ವೋಲ್ಟ್‌ಗೆ ಹತ್ತಿರ ಹತ್ತಿರ 10 ಮಿಲಿ ಆಂಪಿಯರ್ ಹರಿಯುತ್ತದೆ, ಈ ಗಾತ್ರದ ಮಾದರಿಗೆ ಧಾರಾಳ.

ತಂತಿಗೆ ಮೋಟಾರ್ ವೈಂಡಿಂಗ್ ಅಂಗಡಿಯ ಸಣ್ಣ ತಾಮ್ರದ ಎಳೆ ಸಾಕು. ಬೆಸುಗೆಗೆ ಮುಂಚೆ ತುದಿಯ ವಾರ್ನಿಶ್ ಕೆರೆಯಿರಿ, ಇಲ್ಲದಿದ್ದರೆ ಸೀಸ ಹಿಡಿಯುವುದಿಲ್ಲ. ರೆಕ್ಕೆ ಮಡಚುವ ಜಾಗದಲ್ಲಿ ತಂತಿಯನ್ನು ಬಿಗಿಯಾಗಿ ಎಳೆಯದೆ ಒಂದು ಸುತ್ತು ಸಡಿಲ ಬಿಡಿ. ಬಿಗಿಯಿದ್ದರೆ ಹತ್ತಾರು ಸಲ ತೆರೆದು ಮುಚ್ಚುವಷ್ಟರಲ್ಲಿ ಅಲ್ಲೇ ತುಂಡಾಗುತ್ತದೆ, ಒಡಲು ಅಂಟಿಸಿದ ಮೇಲೆ ಕೈ ಹೋಗುವುದಿಲ್ಲ. ಎಂಜಿನ್ ಗೋಡೆಯ ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬೆಳ್ಳಿ ಬಣ್ಣ ಬಳಿಯಿರಿ. ಕಪ್ಪು ಬಿಟ್ಟರೆ ತೆಳು ಪ್ಲಾಸ್ಟಿಕ್ಕಿನಲ್ಲಿ ಬೆಳಕು ತೂರಿ ಇಡೀ ಎಂಜಿನ್ ಲಾಟೀನಿನಂತೆ ಕೆಂಪಗೆ ಹೊಳೆಯುತ್ತದೆ. ಅಂಟು ಹಾಕುವ ಮುನ್ನ ಕತ್ತಲೆ ಕೋಣೆಯಲ್ಲಿ ಒಮ್ಮೆ ಉರಿಸಿ ನೋಡಲೇಬೇಕು.

ಪ್ರಶ್ನೆ: ‘ಸ್ಟಾರ್ ವಾರ್ಸ್’ನಲ್ಲಿ ಎಕ್ಸ್-ವಿಂಗ್‌ನ ಎದುರಾಳಿ ನೌಕೆಯಾದ ಟೈ ಫೈಟರ್‌ನ ಅಯಾನ್ ಎಂಜಿನ್ ನಿಜಕ್ಕೂ ಇದೆಯೇ?

ಉತ್ತರ: ಇದೆ. ಅನಿಲದ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಪಡೆದ ಕಣಗಳನ್ನು, ಹಿಂದಕ್ಕೆ ಚಿಮ್ಮಿಸಿ ನೌಕೆಯನ್ನು ಮುಂದಕ್ಕೆ ನೂಕುವ ಎಂಜಿನ್ ಇದು. 2007ರಲ್ಲಿ ಹೊರಟ ನಾಸಾದ ಡಾನ್ ನೌಕೆ ಕ್ಸೆನಾನ್ ಅಯಾನ್ ಎಂಜಿನ್‌ನಿಂದಲೇ ಕ್ಷುದ್ರಗ್ರಹ ವೆಸ್ಟಾ, ಕುಬ್ಜಗ್ರಹ ಸಿರಿಸ್ ಎರಡನ್ನೂ ಸುತ್ತಿತು. ಆದರೆ ಅದರ ನೂಕುಬಲ ಹೆಚ್ಚೆಂದರೆ 90 ಮಿಲಿನ್ಯೂಟನ್, ಅಂಗೈ ಮೇಲಿಟ್ಟ ಒಂದೆರಡು ಹಾಳೆ ಕಾಗದದ ಭಾರದಷ್ಟು. ತಿಂಗಳುಗಟ್ಟಲೆ ಬಿಡದೆ ನೂಕಿಯೇ ಅದು ವೇಗ ಗಳಿಸಿದ್ದು. ತೆರೆಯ ಮೇಲಿನ ಆ ಚುರುಕು ತಿರುವುಗಳು ಅದರಿಂದ ಸಾಧ್ಯವಿಲ್ಲ.